ಕೇಳಲು ಜೊತೆಗೆ ಹೋದವನು

ಸೈನ್ಯದಲ್ಲಿ ನನ್ನ ಕೆಲಸ ವೈರ್‌ಲೆಸ್ ಸೆಟ್ಟುಗಳ ರಿಪೇರಿ. ಕೆಟ್ಟದ್ದನ್ನು ಬಿಚ್ಚಿ ನೋಡದೆ ಬಿಡುವ ಸ್ವಭಾವ ನನ್ನದಲ್ಲ. ನಿವೃತ್ತನಾಗಿ ಚನ್ನಗಿರಿಗೆ ಮರಳಿದ ಮೂರನೇ ವರ್ಷ, ಎಪ್ಪತ್ತರ ದಶಕದ ಕೊನೆಗೆ, ಕೆಮ್ಮಿದಾಗ ರಕ್ತ ಬಂತು. ದಾವಣಗೆರೆಯಲ್ಲಿ ಎಕ್ಸ್‌ರೇ ತೆಗೆಸಿದ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅಣ್ಣನನ್ನು ಒಳಗೆ ಕರೆದರು. ಅಣ್ಣ ಹೊರಬಂದು, "ಏನಿಲ್ಲ, ಸ್ವಲ್ಪ ಕಫ ಐತಂತೆ," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಎದ್ದು ಒಳಗೆ ಹೋದೆ. "ನನ್ನ ಎದ್ಯಾಗೆ ಇರೋದನ್ನ ನನಗೂ ತೋರಿಸ್ರಿ ಸಾರ್."

ಅವರು ಕೊಂಚ ಯೋಚಿಸಿ ಫಿಲ್ಮನ್ನು ಕಿಟಕಿಗೆ ಹಿಡಿದರು. ಪಕ್ಕೆಲುಬುಗಳ ನಡುವೆ ಅಡಿಕೆ ಗಾತ್ರದ ಬಿಳಿ ಮಚ್ಚೆ. ಕ್ಯಾನ್ಸರ್ ಇರಬಹುದು ಎಂದರು. ಹೆದರಿಕೆಯಾಯಿತು, ನಿಜ. ಆದರೂ ಅದು ಎಷ್ಟು ದಿನದಿಂದ ಅಲ್ಲಿದೆ, ಯಾವ ಕಡೆಗೆ ಬೆಳೆಯುತ್ತಿದೆ ಎಂದು ಕೇಳುತ್ತಲೇ ಹೋದೆ.

ಬೆಂಗಳೂರಿನಲ್ಲಿ ಎಡ ಶ್ವಾಸಕೋಶದ ಒಂದು ಭಾಗ ತೆಗೆದರು. ಎಚ್ಚರವಾದ ಮೇಲೆ, ಖಾಲಿಯಾದ ಜಾಗದಲ್ಲಿ ಈಗ ಏನಿದೆ ಎಂದು ಸರ್ಜನ್ನರನ್ನು ಕೇಳಿದೆ. "ಉಳಿದ ಭಾಗವೇ ಉಬ್ಬಿ ತುಂಬಿಕೊಳ್ಳುತ್ತೆ," ಎಂದು ನಕ್ಕರು. ಎಷ್ಟು ತುಂಬಿತೆಂದು ತಿಂಗಳುಗಟ್ಟಲೆ ಉಸಿರೆಳೆದು ನೋಡಿಕೊಳ್ಳುತ್ತಿದ್ದೆ.

ನಾಲ್ಕು ವರ್ಷ ಕಳೆದರೂ ನಾನು ಬದುಕಿದ್ದೇನೆಂಬ ಸುದ್ದಿ ಹೊನ್ನಾಳಿ, ನ್ಯಾಮತಿಗಳವರೆಗೂ ಹೋಯಿತು. ಕ್ಯಾನ್ಸರ್ ರೋಗಿಗಳ ಮನೆಯವರು ಸಲಹೆ ಕೇಳಲು ನನ್ನನ್ನು ಹುಡುಕಿಕೊಂಡು ಬರತೊಡಗಿದರು. ರೋಗಿಗೆ ಮಾತ್ರ ಯಾರೂ ಏನೂ ಹೇಳಿರುತ್ತಿರಲಿಲ್ಲ. ಜಗಳೂರಿನ ಕಡೆಯ ಸೊಕ್ಕೆಯಿಂದ ಬಂದ ರೈತನೊಬ್ಬ, "ನಮ್ಮಕ್ಕಂಗೆ ಹೇಳಬ್ಯಾಡ್ರಿ, ಎದೆ ಒಡ್ಕಂತಾಳೆ," ಎಂದ. ಆಸ್ಪತ್ರೆಗೆ ನಾನೂ ಬರುತ್ತೇನೆ, ಆದರೆ ಡಾಕ್ಟರ ಎದುರು ನಿಮ್ಮಕ್ಕನೂ ಕೂರಬೇಕು ಎಂದೆ. ಒಂದು ವಾರ ಬಿಟ್ಟು ಒಪ್ಪಿದ.

ಆಕೆಗೆ ಅನುಮಾನ ಮೊದಲೇ ಇತ್ತು. ಡಾಕ್ಟರಲ್ಲಿ ಏನೇನು ಕೇಳಬೇಕೆಂದು ಬಸ್ಸಿನಲ್ಲಿ ಹೇಳಿಕೊಟ್ಟೆ. ಒಳಗೆ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದರು. ಆಕೆ ನಾನು ಕಲಿಸಿದ್ದನ್ನೆಲ್ಲ ಬಿಟ್ಟು ಬೇರೆಯದನ್ನೇ ಕೇಳಿದಳು: "ನಾನು ಒಂದಿನಾನೂ ಬೀಡಿ ಸೇದಿಲ್ರಿ. ನನಗ್ಯಾಕೆ ಬಂತು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲಮ್ಮ."

"ಹಂಗಾರೆ ನಾನೇನೂ ತಪ್ಪು ಮಾಡಿಲ್ಲ."

"ಇಲ್ಲ."

ಆಕೆ ನಿಧಾನವಾಗಿ ಉಸಿರುಬಿಟ್ಟಳು. ಇಪ್ಪತ್ತು ವರ್ಷ ಸಿಗರೇಟು ಸೇದಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಂದಿನಿಂದ ಯಾರಿಗೂ ಪ್ರಶ್ನೆ ಹೇಳಿಕೊಡುವುದನ್ನು ಬಿಟ್ಟೆ. "ನಿಮಗೇನು ತಿಳ್ಕೋಬೇಕಾಗೈತೆ?" ಎಂದಷ್ಟೇ ವಿಚಾರಿಸುತ್ತಿದ್ದೆ.

ಆಕೆ ಇನ್ನೆರಡು ವರ್ಷ ಬದುಕಿದಳು. ಅಷ್ಟರಲ್ಲಿ ತನ್ನೂರಿನ ಕಡೆಯ ಇಬ್ಬರು ಹೆಂಗಸರನ್ನು ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಿ, ಡಾಕ್ಟರ ಎದುರು ಅವರ ಪಕ್ಕದಲ್ಲಿ ಕೂತಿದ್ದಳು.