ಬಾಗಿಲು ನೋಡುವ ಪದ್ಮಾಕರ

ದೂರದ ಶಹರದಲ್ಲಿ ನೆಲದಡಿಯ ಮೆಟ್ರೋ ರೈಲು ಓಡಿಸುವ ನಮ್ಮ ಹಿಂಡಲಗಾದ ಪದ್ಮಾಕರ ರಜೆಗೆ ಬಂದನೆಂದರೆ ಓಣಿಯ ಬಾಗಿಲುಗಳಿಗೆಲ್ಲ ತಪಾಸಣೆ. ಯಾವುದೇ ಬಾಗಿಲು ಬಿಗಿಯಾಗಿದ್ದರೂ ಬಗ್ಗಿ ಹೊಸ್ತಿಲ ಸಂದಿ ನೋಡುತ್ತಾನೆ. “ಬಾಗಲಾ ಕೆಟ್ಟಿರಂಗಿಲ್ರಿ, ಏನರೆ ಸಿಕ್ಕಿರತೈತಿ” ಎಂದು ಹರಳನ್ನೋ ಹುಣಸೆ ಬೀಜವನ್ನೋ ತೆಗೆದು ತೋರಿಸುತ್ತಾನೆ. ಖಾನಾಪುರದ ಬಸ್ಸಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಂಡಕ್ಟರನಿಗೂ ಪಾಠ: “ಒದಿಬ್ಯಾಡ್ರಿ, ಒಮ್ಮೆ ಪೂರಾ ತಗದು ಹಾಕ್ರಿ.” “ನೀ ನಿನ್ನ ಬಿಲದಾಗಿನ ಗಾಡಿ ನೋಡಕೋ ಮಾರಾಯಾ” ಎಂದು ಕಂಡಕ್ಟರ ನಗುತ್ತಾನೆ. ಮೊನ್ನೆ ಮಧ್ಯಾಹ್ನ ಪದ್ಮಾಕರನ ತಾಯಿ ಅಕ್ಕಾತಾಯಿ ಬಚ್ಚಲಮನೆಯಲ್ಲಿ ಸಿಕ್ಕಿಕೊಂಡರು. ಚಿಲಕ ಜಾರುತ್ತಿರಲಿಲ್ಲ, ಒಳಗಿಂದ ಅಳು ಕೇಳುತ್ತಿತ್ತು. ನಾವೆಲ್ಲ ಹಾರೆ ಹುಡುಕುತ್ತಿದ್ದರೆ ಇವನು ಬಾಗಿಲಿಗೆ ಕೈಯನ್ನೂ ಹಚ್ಚದೆ ನೆಲಕ್ಕೆ ಕುಳಿತು, “ಅವ್ವಾ, ಇಲ್ಲೇ ಅದೀನಿ. ಇಬ್ಬರೂ ಕೂಡಿ ಣಮೋಕಾರ ಮಂತ್ರ ಅನ್ನೂಣು” ಎಂದ. ಎರಡು ದನಿ ಒಂದಾದವು. ಒಳಗಿನ ಅಳು ನಿಂತಿತು, ಅಕ್ಕಾತಾಯಿ ತಾವೇ ನಿಧಾನಕ್ಕೆ ಚಿಲಕ ಸರಿಸಿದರು. “ಬಾಗಿಲು ಯಾಕ ನೋಡಲಿಲ್ಲೋ?” ಎಂದು ಕೇಳಿದೆ. “ಒಮ್ಮೆ ಸುರಂಗದಾಗ ಬಾಗಲಾ ಪೂರಾ ಮುಚ್ಚದ ಗಾಡಿ ನಿಂತಿತ್ತು, ಅಕ್ಕಾರ. ಮೈಕಿನಾಗ ಮಂದಿಗೆ ಒಂದ ಮಾತೂ ಹೇಳದ ನಾ ಸೀದಾ ಬಾಗಲಾ ನೋಡಾಕ ಹೋದೆ. ಏಳು ನಿಮಿಷದಾಗ ದೋಷ ಸಿಕ್ತು. ಆದ್ರ ಆ ಬಾಗಲಾದ ಬಾಜೂಕ ಕುಂತ ಒಬ್ಬಾಕಿ ಮುದುಕಿ ನನ್ನ ಕೈ ಹಿಡಕೊಂಡು, ‘ನಾವಿಲ್ಲಿ ಇರೂದು ಮ್ಯಾಲಿನವರಿಗೆ ಗೊತ್ತೈತೇನಪಾ?’ ಅಂದ್ಲು.”