ಅರಿಶಿನದ ಕೆಳಗಿನ ಹಳದಿ

ಕಾಯಿಲೆಯ ವಿಷಯದಲ್ಲಿ ನಮ್ಮ ಮನೆಯವರು ಅನುಭವಸ್ಥರು. ಇದು ಜಂಬದ ಮಾತಲ್ಲ, ಭೂಗೋಳದ ಮಾತು. ನಾವಿರುವುದು ಸಾಂಗ್ಲಿಯಲ್ಲಿ. ಪಕ್ಕದಲ್ಲೇ ಮಿರಜ, ಮಿರಜದ ತುಂಬ ದವಾಖಾನೆಗಳು, ಗಡಿಯ ಹಳ್ಳಿಗಳ ತುಂಬ ನಮ್ಮ ಬಂಧುಗಳು. ಅವರಲ್ಲಿ ಯಾರ ಹೊಟ್ಟೆಯಲ್ಲಿ ಹರಳು ಕಂಡರೂ, ಯಾರ ಕಣ್ಣಿಗೆ ಪೊರೆ ಬಂದರೂ, ಒಂದು ಚೀಲದಲ್ಲಿ ಎಕ್ಸ್‌ರೇ, ಇನ್ನೊಂದರಲ್ಲಿ ಜೋಳದ ರೊಟ್ಟಿ ಹಿಡಿದು ಮೊದಲು ನಮ್ಮ ಬಾಗಿಲಿಗೆ ಬರುತ್ತಾರೆ. "ಬರ್ರಿ, ಕುಂದ್ರಿ" ಅನ್ನುವುದು ನನ್ನ ಕೆಲಸ. ಮರುದಿನ ಅವರನ್ನು ಮಿರಜಕ್ಕೆ ಕರೆದೊಯ್ದು, ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು, ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಸ್ವಲ್ಪ ಮೆತ್ತಗೆ ಮಾಡಿ ಕನ್ನಡದಲ್ಲಿ ಹೇಳಿ, ತಿರುಗಿ ಕರೆತರುವುದೂ ನನ್ನ ಕೆಲಸವೇ. ಅಂಗಡಿಯ ನೌಕರಿಯಿಂದ ನಿವೃತ್ತನಾದ ಮೇಲೆ ಈ ಹುದ್ದೆಗೆ ನನ್ನನ್ನು ಯಾರು ನೇಮಿಸಿದರೋ ತಿಳಿಯದು. ತಿಳಿದಿದ್ದರೆ ರಾಜೀನಾಮೆ ಕೊಡಬಹುದಿತ್ತು.

ಇಷ್ಟೆಲ್ಲ ರೋಗಿಗಳನ್ನು ಕಂಡ ಮನೆಯಲ್ಲಿ, ಕಾಯಿಲೆ ಬಿದ್ದದ್ದು ಯಾರಿಗೂ ಗೊತ್ತಾಗದೆ ಉಳಿದ ರೋಗಿ ಒಂದೇ. ಅದು ನಮ್ಮ ನಾಯಿ.

ನಮ್ಮದು ಅನ್ನುವುದೂ ಪೂರ್ತಿ ಸರಿಯಲ್ಲ, ಅಕ್ಕನದು. ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲಿಗೆ ಬಂದಳು. ಅದೇ ವರ್ಷ, ಗಡಿಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿರುವ ನಮ್ಮ ಕಾಕಾ ಕಂಬಳಿಯ ಮಡಿಕೆಯಿಂದ ಒಂದು ಬಿಳಿ ಮರಿಯನ್ನು ತೆಗೆದು ಅವಳ ಮುಂದೆ ಬಿಟ್ಟು ಹೋದರು. ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ನಾಯಿ ಯಾವ ಭಾಷೆಯಲ್ಲೂ ಉತ್ತರ ಕೊಡುವುದಿಲ್ಲವಾದ್ದರಿಂದ ಅಕ್ಕ ಅದನ್ನು ಅಚ್ಚ ಕನ್ನಡದ ಜೀವವೆಂದು ತೀರ್ಮಾನಿಸಿದಳು. ಬೆಳಗ್ಗೆ ಎದ್ದು ಕಸ ಹೊಡೆಯುವಾಗಿನಿಂದ ಅದರ ಜೊತೆ ಮಾತು. ತವರಿನ ಬಾವಿಯ ನೀರು ಹೇಗಿತ್ತು, ಅತ್ತೆ ಎಂಥ ಗಟ್ಟಿಗಿತ್ತಿ, ಇವತ್ತು ಪಲ್ಲೆಗೆ ಏನು ಮಾಡಲಿ. ನಾಯಿ ಎಲ್ಲವನ್ನೂ ಮುಂಗಾಲಿನ ಮೇಲೆ ಗದ್ದವಿಟ್ಟು ಕೇಳುತ್ತಿತ್ತು. ನನ್ನಲ್ಲಿ ಅಷ್ಟು ಸಹನೆ ಎಂದೂ ಇರಲಿಲ್ಲ.

ಅಕ್ಕನ ವೈದ್ಯಶಾಸ್ತ್ರದಲ್ಲಿ ಅಧ್ಯಾಯ ಒಂದೇ: ಅರಿಶಿನ. ಸಾಂಗ್ಲಿಯಲ್ಲಿ ಅರಿಶಿನಕ್ಕೆ ಬರಗಾಲವಿಲ್ಲ, ನಾನು ಆಯುಷ್ಯವಿಡೀ ದುಡಿದದ್ದೂ ಅರಿಶಿನದ ಅಡತಿಯಲ್ಲೇ. ರೈತರ ಮಾಲನ್ನು ಹರಾಜಿನಲ್ಲಿ ವ್ಯಾಪಾರಿಗಳಿಗೆ ಮಾರಿಸಿಕೊಡುವ ಅಂಗಡಿ ಅದು. ನಾಯಿ ತಲೆ ಕೊಡವಿ ಕಿವಿ ಕೆರೆದುಕೊಂಡರೆ ಅರಿಶಿನ. ಕಾಲುಗುರು ಮುರಿದರೆ ಅರಿಶಿನ. ಕುಂಡೆಯನ್ನು ನೆಲಕ್ಕೆ ಉಜ್ಜುತ್ತ ಅಂಗಳದುದ್ದಕ್ಕೂ ಸವಾರಿ ಹೊರಟರೆ, ಹಾಲಿನಲ್ಲಿ ಅರಿಶಿನ. ಕಿವಿಯಲ್ಲಿ ಕಪ್ಪು ಹೊಲಸು ಕಟ್ಟಿ ನಾತ ಬಂದರೆ ಅದಕ್ಕೆ ಹನಿ ಔಷಧ ಬೇಕು, ಕುಂಡೆ ಉಜ್ಜುವುದು ಅಲ್ಲಿನ ಗ್ರಂಥಿ ತುಂಬಿಕೊಂಡದ್ದರಿಂದ ಇರಬಹುದು ಎಂದು ಈಗ ನಾನು ಕೇಳಿದವರಿಗೆಲ್ಲ ಹೇಳಬಲ್ಲೆ. ಆಗ ಹೇಳುವವರಿರಲಿಲ್ಲ. ಬಹಳಷ್ಟು ಕಾಯಿಲೆಗಳು ಅಕ್ಕನ ಎದುರು ನಿಲ್ಲುವ ಧೈರ್ಯವಿಲ್ಲದೆ ತಾವಾಗಿಯೇ ವಾಸಿಯಾದವು. ಶಾಸ್ತ್ರದ ಕೀರ್ತಿ ಬೆಳೆಯಿತು.

ಮಳೆ ಹಿಂದೆಗೆದು ಬಿಸಿಲು ಬಿದ್ದ ದಿನಗಳಲ್ಲಿ ನಾಯಿಗೆ ಉಣ್ಣಿ ಹತ್ತಿದವು. ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ, ಎಲ್ಲಿ ಕೈಯಿಟ್ಟರೆ ಅಲ್ಲಿ ಬೂದುಬಣ್ಣದ ಕಾಳು. ಅಕ್ಕ ಅವನ್ನು ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿ, ಕಿತ್ತ ಜಾಗಕ್ಕೆಲ್ಲ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಬಳಿದಳು. ಅದೇ ಹೊತ್ತಿಗೆ ಕಾಕಾ ತಮ್ಮ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಬಂದು ನಮ್ಮಲ್ಲಿ ಇಳಿದಿದ್ದರು.

"ಉಣ್ಣಿ ಏನ್ ದೊಡ್ಡ ಮಾತ?" ಅಂದರು ಕಾಕಾ. "ನಮ್ಮ ಕುರಿಗೆ ದಿನಾ ಹತ್ತತಾವ. ಕಿತ್ತು ಒಗದ್ರ ಆತು."

"ಕಿತ್ತೀನ್ರಿ ಕಾಕಾ. ಮ್ಯಾಲ ಅರಿಷಿಣ ಹಚ್ಚೀನಿ."

"ಮುಗೀತಲ್ಲವ್ವಾ ಮತ್ತ. ಅರಿಷಿಣ ಹಚ್ಚಿದ ಮ್ಯಾಲ ಅದರ ಅಪ್ಪನೂ ಹತ್ರ ಬರಾಂಗಿಲ್ಲ."

ಬಿಳಿ ನಾಯಿ ನಖಶಿಖಾಂತ ಹಳದಿಯಾಯಿತು. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಅದನ್ನು ನೋಡಿ, ಇವಳ ಮದುವೆ ಯಾವಾಗ ಎಂದು ಮರಾಠಿಯಲ್ಲಿ ಕೇಳಿದಳು.

"ನಿನ್ನಕಿಂತ ಮೊದ್ಲ ಆಗ್ತದ, ನೀ ನಡಿ," ಅಂದಳು ಅಕ್ಕ.

ಆಮೇಲೆ ನಾಯಿ ಊಟ ಬಿಟ್ಟಿತು. ಮೊದಲು ರೊಟ್ಟಿ, ಮರುದಿನ ಹಾಲು. ನೀರು ತುಂಬಿಡುವ ಕಲ್ಲುಡೋಣಿಯ ಪಕ್ಕದ ತಂಪು ನೆಲ ಹುಡುಕಿ ಮಲಗಿತು. ಮನೆಯಲ್ಲಿ ಎಲ್ಲರೂ ಅನುಭವಸ್ಥರಾದ್ದರಿಂದ ಎಲ್ಲರ ಬಳಿಯೂ ಒಂದೊಂದು ಕಾರಣವಿತ್ತು. ಬಿಸಿಲಿನ ತಾಪ ಎಂದೆ ನಾನು. ಮುನಿಸು ಎಂದಳು ಅಕ್ಕ: ಪಡಸಾಲೆಯ ಮೂಲೆ ಅದರದು, ಈಗ ಅಲ್ಲಿ ಕಾಕಾ ಮಲಗುತ್ತಿದ್ದರು.

"ಹೌದೇನ?" ಎಂದು ಕಾಕಾ ಗಾಬರಿಯಾದರು. "ನಾ ಅಂಗಳದಾಗ ಮಲ್ಕೊಂತೇನಿ ಬಿಡು. ನಾಯಿ ಶಾಪಾ ಯಾಕ ಬೇಕು."

ಅವರು ನಿಜವಾಗಿಯೂ ಕಂಬಳಿ ಎತ್ತಿಕೊಂಡು ಅಂಗಳಕ್ಕೆ ಹೋದರು. ನಾಯಿ ಮೂಲೆಗೆ ಮರಳಲಿಲ್ಲ. ಮರುದಿನ ಅದರ ಉಚ್ಚೆ ಕುದಿಸಿದ ಚಹಾದಂತೆ ಕೆಂಪಗೆ ಹೋಯಿತು. ನನಗೆ ಒಂದು ಕ್ಷಣ ಏನೋ ಅನ್ನಿಸಿತು. ಅಕ್ಕ ತಕ್ಷಣ ಪರಿಹರಿಸಿದಳು: "ಮೈಮ್ಯಾಲಿನ ಅರಿಷಿಣ ನೆಕ್ಕ್ಯಾಳ. ಅದ ಹೊರಗ ಬರಾಕತ್ತದ."

ನಾನು ತಲೆಯಾಡಿಸಿದೆ. ಮಿರಜದ ಬೆಂಚುಗಳ ಮೇಲೆ ಕೂತು ಬರುವ ದಿನಗಳಲ್ಲಿ ಮನುಷ್ಯ ಯಾವುದಕ್ಕಾದರೂ ತಲೆಯಾಡಿಸುತ್ತಾನೆ. ಮೈ ಹಳದಿ ಕಂಡರೆ ಅರಿಶಿನ, ಉಚ್ಚೆಗೆ ಬಣ್ಣ ಬಂದರೆ ಅರಿಶಿನ. ಒಂದೇ ಉತ್ತರಕ್ಕೆ ಇಷ್ಟೊಂದು ಪ್ರಶ್ನೆಗಳು ಹೊಂದಿಕೊಂಡಾಗ ಅನುಮಾನ ಬರಬೇಕಿತ್ತು. ಬಂದದ್ದು ನೆಮ್ಮದಿ.

ಕಾಕಿಯ ಕಣ್ಣಿನ ಶಸ್ತ್ರಕ್ರಿಯೆ ಮುಗಿಸಿಕೊಂಡು ಬಂದ ದಿನ ಇನ್ನೂ ಸಂಜೆಯ ಬಿಸಿಲಿತ್ತು. ಕಾಕಿಯನ್ನು ಒಳಗೆ ಮಲಗಿಸಿ, ಕಾಲು ತೊಳೆಯಲೆಂದು ಹೋದವನು ನೀರಿನ ಡೋಣಿಯ ಪಕ್ಕ ಸುಮ್ಮನೆ ಕೂತುಬಿಟ್ಟೆ. ದವಾಖಾನೆಯ ವಾಸನೆ ಹೊತ್ತು ಬಂದರೆ ನಾಯಿ ನನ್ನನ್ನು ಮೂಸಿ, ಸೀನಿ, ಬೊಗಳಿ ಛೀಮಾರಿ ಹಾಕುವುದು ವಾಡಿಕೆ. ಅಂದು ಬಾಲದ ತುದಿ ಮಾತ್ರ ಅಲುಗಿತು. ಕಿವಿ ಮುಟ್ಟಿದೆ. ಕಾದಿತ್ತು. ಕಿವಿಯ ಒಳಗೆ ಅರಿಶಿನ ಒಣಗಿ ಹಕ್ಕಳೆಗಟ್ಟಿದ್ದನ್ನು ನೋಡಿ, ಟವೆಲಿನ ತುದಿ ಒದ್ದೆ ಮಾಡಿ ಉಜ್ಜಿದೆ.

ಅಡತಿಯಲ್ಲಿ ನಮಗಿದು ರೂಢಿ. ಅರಿಶಿನದ ಕೊಂಬಿಗೆ ಪಾಲಿಶ್ ಮಾಡುವಾಗ ಮೇಲೆ ಅರಿಶಿನದ ಪುಡಿಯನ್ನೇ ಹತ್ತಿಸಿ ಹೊಳಪು ಕೊಡುತ್ತಾರೆ. ಆದ್ದರಿಂದ ಮಾಲು ಬಂದೊಡನೆ ಒದ್ದೆ ಬಟ್ಟೆಯಿಂದ ಉಜ್ಜಿ, ಮುರಿದು ನೋಡಬೇಕು: ಈ ಹಳದಿ ಹಚ್ಚಿದ್ದೋ, ಒಳಗಿನದೋ? ಒಳಗಿನದಾದರೆ ಮಾಲು ಒಳ್ಳೆಯದು. ಕೈ ತನ್ನ ಹಳೆಯ ಕೆಲಸ ತಾನೇ ಮಾಡಿಕೊಂಡು ಹೋಯಿತು. ಟವೆಲು ಹಳದಿಯಾಯಿತು. ತಿರುಗಿಸಿ ಉಜ್ಜಿದೆ, ಸ್ವಲ್ಪ ಹಳದಿ. ಇನ್ನೊಮ್ಮೆ ಉಜ್ಜಿದೆ, ಟವೆಲು ಬೆಳ್ಳಗೇ ಉಳಿಯಿತು. ಕಿವಿ ಮಾತ್ರ ಹಳದಿಯಾಗಿಯೇ ಇತ್ತು.

ಹಚ್ಚಿದ್ದಲ್ಲ, ಒಳಗಿನದು. ಈ ಬಣ್ಣ ಕಂಡು ಆಯುಷ್ಯವಿಡೀ ಸಂತೋಷಪಟ್ಟವನು ಅಂದು ಟವೆಲು ಕೆಳಗಿಟ್ಟು ತುಟಿ ಎತ್ತಿ ನೋಡಿದೆ. ವಸಡೂ ಹಳದಿ. ಕಣ್ಣಿನ ಬಿಳಿಯೂ ಬಿಳಿಯಾಗಿರಲಿಲ್ಲ.

"ಅಕ್ಕಾ, ಬಾಯೊಳಗ ಅರಿಷಿಣ ಹಚ್ಚೀಯೇನ?"

"ಬಾಯೊಳಗ ಯಾರ ಹಚ್ತಾರೋ, ಹುಚ್ಚ?"

"ಮತ್ತ ಇದೇನ, ಬಂದು ನೋಡ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಗ್ಗಿ ನೋಡಿದಳು. ನನ್ನ ಮಾತಿನ ಮೇಲೆ ನಂಬಿಕೆ ಸಾಲದೆ ತನ್ನ ಬೆರಳಿನಿಂದಲೇ ವಸಡನ್ನು ಉಜ್ಜಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದಳು. ಅಲ್ಲಿ ಏನೂ ಹತ್ತಿರಲಿಲ್ಲ. ಹಾಗೇ ಹಿಡಿದುಕೊಂಡು ನಿಂತಳು.

"ಕಾಮಣಿ ಆಗೈತಿ," ಅಂದರು ಹಿಂದಿನಿಂದ ಕಾಕಾ, ಮೆತ್ತಗೆ. "ಮನಷ್ಯಾರಿಗೆ ಆಗ್ತೈತಲ್ಲ, ಹಂಗ." ಆಮೇಲೆ ಏನಾದರೂ ಸಹಾಯ ಮಾಡಲೇಬೇಕೆನ್ನಿಸಿ, "ನಮ್ಮಾಕಿಗೆ ಕೊಟ್ಟ ನೋವಿನ ಗುಳಿಗಿ ಅದಾವ. ಅರ್ಧಾ ಮುರದು ಕೊಡ್ಲೇನ?" ಎಂದರು.

ಮೊಮ್ಮಗಳು "ನಕೋ, ನಕೋ" ಎಂದು ಅವರನ್ನು ತಡೆದು ರಿಕ್ಷಾ ಕರೆಯಲು ಓಡಿದಳು.

ರಿಕ್ಷಾದಲ್ಲಿ ನಾಯಿಯ ತಲೆ ಅಕ್ಕನ ತೊಡೆಯ ಮೇಲಿತ್ತು. ಮಾರ್ಕೆಟ್ ಯಾರ್ಡ್ ದಾಟಿದ ಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು: "ಆಕಿ ಹೋದ್ರ ನಾ ಯಾರ ಜೋಡಿ ಮಾತಾಡ್ಲಿ? ನೀ ಅಂತೂ ಮಿರಜಿಗೆ ಹೋಗ್ತಿ."

ನಾನು ನಾಯಿಯ ಕಾಲು ಹಿಡಿದುಕೊಂಡೆ.

ದನಕರು, ನಾಯಿಗಳ ಡಾಕ್ಟರಬಾಯಿ ಗಡಿಯ ಜತ್ತ ಕಡೆಯವರು, ಕನ್ನಡ ಬರುತ್ತಿತ್ತು. ಕೈಗೆ ಹತ್ತಿದ ಅರಿಶಿನವನ್ನು ನೋಡಿಕೊಂಡರು. ಜ್ವರ ನೋಡಿ, ಕಾಲಿನಿಂದ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ಉಣ್ಣಿ ಜ್ವರ," ಎಂದರು. "ಉಣ್ಣಿ ಕಚ್ಚಿದಾಗ ಒಂದು ಸೂಕ್ಷ್ಮ ಜಂತು ರಕ್ತದಾಗ ಸೇರ್ತದ. ರಕ್ತದ ಕಣಾ ಒಡೀತದ. ಈ ಹಳದಿ, ಆ ಕೆಂಪ ಉಚ್ಚೆ, ಎಲ್ಲಾ ಒಡೆದ ರಕ್ತದ್ದ. ವಸಡ ಯಾವಾಗಿಂದ ಹಿಂಗದ ಅಜ್ಜಾರ?"

ನಾವಿಬ್ಬರೂ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡಿದೆವು.

"ಮನಷ್ಯಾರ ಗುಳಿಗಿ ಏನರ ಕೊಟ್ಟೀರೇನ್ರಿ?"

"ಕೊಡೋರಿದ್ವಿ."

"ಕೊಡದಿದ್ದದ್ದ ಛಲೋ ಆತು. ಜ್ವರದ್ದು ನೋವಿಂದು ನಮ್ಮ ಗುಳಿಗಿ ನಾಯಿ ಹೊಟ್ಟಿ, ಲಿವರ್, ಕಿಡ್ನಿ ಕೆಡಸ್ತಾವ."

ಅಕ್ಕ ಮುಂದೆ ಬಂದು, "ನಾ ಹಚ್ಚಿದ ಅರಿಷಿಣದಿಂದ ಆತೇನ್ ಬಾಯಿ?" ಎಂದು ಕೇಳಿದಳು.

"ಅದರಿಂದ ಆಗಿಲ್ಲ ಅಜ್ಜಿ. ಅದರ ಕೆಳಗ ಏನದ ಅನ್ನೂದು ಕಾಣಲಿಲ್ಲ, ಅಷ್ಟ."

"ಬದುಕ್ತಾಳೇನ?"

ಡಾಕ್ಟರಬಾಯಿ ಸಲಾಯಿನ್ ಬಾಟಲಿ ತೂಗುಹಾಕುತ್ತ ಹೇಳಿದರು: "ಇವತ್ತ ಹೇಳಾಕ ಆಗೂದಿಲ್ಲ. ಇಂಜೆಕ್ಷನ್ ಕೊಡ್ತೀನಿ, ದಿನಾ ಕರ್ಕೊಂಡ ಬರ್ರಿ. ಮನ್ಯಾಗ ತುಟಿ ಎತ್ತಿ ವಸಡ ನೋಡ್ತಿರ್ರಿ. ಗುಲಾಬಿ ಆಗ್ಬೇಕು."

ಮನೆಗೆ ಬಂದ ಮೇಲೆ ಅಕ್ಕ ಕಡಲೆಹಿಟ್ಟು ಕಲಸಿದ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ನಾಯಿಯ ಮೈಯಿಂದ ಅರಿಶಿನವನ್ನೆಲ್ಲ ಒರೆಸಿದಳು. ಡಾಕ್ಟರಬಾಯಿ ಕೊಟ್ಟ ಉಣ್ಣಿಯ ಔಷಧವನ್ನು ನಾಯಿಯ ಹೆಗಲ ಸಂದಿಗೆ ಹನಿಸಿದೆವು. ಗೋಡೆಯ ಬಿರುಕು, ಕಾಕಾರ ಕಂಬಳಿ, ಬಾಗಿಲ ಸಂದು ಎಲ್ಲ ಕಡೆ ಉಣ್ಣಿ ಹುಡುಕಿದೆವು. ಕಂಬಳಿಯ ವಿಚಾರದಲ್ಲಿ ಕಾಕಾ ಸ್ವಲ್ಪ ನೊಂದುಕೊಂಡರು, ಆದರೆ ತಾವೇ ಬಿಸಿಲಿಗೆ ಹಾಕಿದರು.

ಮರುದಿನ ಮಧ್ಯಾಹ್ನ ಬೇಳೆ ಸಾರು ಬೆಳ್ಳಗಿತ್ತು. ಕಾಕಾ ತಟ್ಟೆ ನೋಡಿ, "ಅರಿಷಿಣ ಮರ್ತೀಯೇನವ್ವಾ?" ಎಂದರು. ಅಕ್ಕ ಇನ್ನೊಂದು ರೊಟ್ಟಿ ಬಡಿಸಿ ಒಳಗೆ ಹೋದಳು. ಸಾರು ಹಾಗೆಯೇ ಕೆಲವು ದಿನ ಬೆಳ್ಳಗೆ ಬಂತು, ನಾವು ಉಂಡೆವು.

ಬೆಳಗ್ಗೆ ವಸಡು ನೋಡುವ ಅಧಿಕಾರ ನನ್ನ ಪಾಲಿಗೆ ಬಂತು, ಬಣ್ಣದ ತಜ್ಞನೆಂಬ ಕಾರಣಕ್ಕೆ. ತಜ್ಞತೆಯ ಬೆಲೆ ನಮ್ಮ ಮನೆಯಲ್ಲಿ ಎಷ್ಟೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ನಗಲಿಲ್ಲ. ನಾನು ನೆಲಕ್ಕೆ ಕೂತು ತುಟಿ ಎತ್ತುವುದು, ಅಕ್ಕ ನಿಂತು "ಹ್ಯಾಂಗದ?" ಎನ್ನುವುದು. ಹಳದಿ ನಿಧಾನವಾಗಿ ಇಳಿಯಿತು. ಇಳಿದದ್ದಕ್ಕೆ ಸಂತೋಷಪಡುವಷ್ಟರಲ್ಲಿ ವಸಡು ಸುಣ್ಣದಂತೆ ಬೆಳ್ಳಗಾಯಿತು. ಇದು ಒಳ್ಳೆಯದೋ ಎಂದು ಕೇಳಿದರೆ, ಮೈಯಲ್ಲಿ ರಕ್ತ ಉಳಿದಿಲ್ಲ, ಇದೂ ಕೆಟ್ಟದ್ದೇ ಎಂದರು ಡಾಕ್ಟರಬಾಯಿ. ಒಂದು ಬಣ್ಣದ ಕಾಟ ಮುಗಿದು ಇನ್ನೊಂದರದು ಶುರುವಾಯಿತು. ಬೇಯಿಸಿದ ಕೋಳಿಯ ರಸವನ್ನು ಸಿರಿಂಜಿನಲ್ಲಿ ಎಳೆದು ದವಡೆಯ ಪಕ್ಕದಿಂದ ಹನಿಹನಿಯಾಗಿ ಬಿಡುತ್ತಿದ್ದೆವು. ಕೋಳಿ ಬೇಯಿಸಿದ್ದು ಮೊಮ್ಮಗಳು, ಹೊರಗಿನ ಒಲೆಯಲ್ಲಿ. ಅಕ್ಕ ಆಯುಷ್ಯದಲ್ಲಿ ಮುಟ್ಟದ ಪದಾರ್ಥ ಅದು. ಮೂಗಿಗೆ ಸೆರಗು ಹಿಡಿದು ಸಿರಿಂಜು ಮಾತ್ರ ತಾನೇ ಒತ್ತಿದಳು.

ನಾಯಿ ಎಲ್ಲಕ್ಕೂ ಒಪ್ಪಿಕೊಂಡಿತ್ತು. ನನ್ನನ್ನು ಹೆದರಿಸಿದ್ದು ಅದೇ. ತುಟಿ ಎತ್ತಿದರೆ ಎತ್ತಿಸಿಕೊಂಡಿತು, ಸೂಜಿ ಚುಚ್ಚಿದರೆ ಚುಚ್ಚಿಸಿಕೊಂಡಿತು. ಮಿರಜದ ವಾರ್ಡುಗಳಲ್ಲಿ ಇಷ್ಟು ವಿಧೇಯರಾದ ರೋಗಿಗಳನ್ನು ನಾನು ನೋಡಿದ್ದೇನೆ. ಅವರ ಮನೆಯವರಿಗೆ ಏನು ಹೇಳಬೇಕೆಂದು ಹುಡುಕುತ್ತ ಆ ಓಣಿಗಳಲ್ಲಿ ಓಡಾಡಿದ್ದೇನೆ. ಅಕ್ಕನಿಗೆ ಹೇಳಬೇಕಾದೀತೆಂದು ಕನ್ನಡದ ಮೆತ್ತಗಿನ ಮಾತುಗಳನ್ನು ಒಂದೊಂದಾಗಿ ಹುಡುಕಿಡತೊಡಗಿದ್ದೆ.

ಕಾಕಾ ಕಾಕಿ ಊರಿಗೆ ಹೋದ ಮೇಲಿನ ಒಂದು ಬೆಳಗು, ಎಂದಿನಂತೆ ಕೂತು ತುಟಿಗೆ ಕೈ ಹಾಕಿದೆ. ನಾಯಿ ಮುಖ ಆಚೆ ತಿರುಗಿಸಿತು. ಮತ್ತೆ ಹಾಕಿದೆ. ಗಂಟಲ ಆಳದಿಂದ "ಗುರ್" ಎಂದಿತು. ಇನ್ನೊಮ್ಮೆ ಪ್ರಯತ್ನಿಸಿದಾಗ ಹಲ್ಲು ಕಿರಿದು, ವಸಡನ್ನು ತಾನೇ ತೋರಿಸಿತು. ಹಲ್ಲಿನ ಬುಡದಲ್ಲಿ ತೆಳ್ಳಗೆ ಗುಲಾಬಿ.

"ಏ, ಅಂವಾ ನೋಡಾಕತ್ತಾನ, ಸುಮ್ಮನಿರ!" ಎಂದು ಅಕ್ಕ ಅದನ್ನು ಗದರಿದಳು.

"ಗದರಬ್ಯಾಡ ಅಕ್ಕಾ," ಅಂದೆ. "ಇನ್ನೊಂದ ಸರ್ತಿ ಬೈಲಿ ನನಗ."

ಅಕ್ಕ ನನ್ನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. ಆಮೇಲೆ ಕಂಬ ಹಿಡಿದು ನಿಧಾನಕ್ಕೆ ಅಲ್ಲೇ ಕೂತು, ನಾನು ಎದುರಿಗೇ ಇರುವುದನ್ನು ಲೆಕ್ಕಿಸದೆ, ನನ್ನ ಮೇಲಿನ ದೂರುಗಳನ್ನೆಲ್ಲ ಅದಕ್ಕೆ ಹೇಳಲು ಶುರುಮಾಡಿದಳು. ಬಹಳ ದಿನಗಳ ಬಾಕಿ ಇತ್ತು. ನಾನೂ ಅಲ್ಲೇ ಕೂತು ಕೇಳಿದೆ.