ಬುಧವಾರ, ಶುಕ್ರವಾರ ಬಾರದ ಹುಡುಗಿ

ಮೂರು ಶಾಲೆಗಳಿಗೆ ಸೇರಿ ಸಮಾಜ ಕಾರ್ಯಕರ್ತೆ ಎಂದು ಇದ್ದವಳು ಅವಳೊಬ್ಬಳೇ. ವಾರದ ದಿನಗಳನ್ನು ಮೂರಕ್ಕೂ ಹಂಚಿ, ಇಪ್ಪತ್ತೆರಡು ವರ್ಷದಿಂದ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಓಡಾಡಿಕೊಂಡಿದ್ದಳು. ಜೊತೆಯವರು ಅವಳಿಗಿಟ್ಟ ಹೆಸರು ಪಟ್ಟಿ ಅಕ್ಕ. ಯಾವಾಗ ನೋಡಿದರೂ ಕಂಕುಳಲ್ಲಿ ಒಂದು ದಪ್ಪ ನೋಟ್‌ಬುಕ್ಕು. ಅದರಲ್ಲಿ ಮಕ್ಕಳಿಗೆ ಯಾರಿಂದ ಏನು ಸಹಾಯ ಸಿಗುತ್ತದೆ ಎಂಬುದರ ಪಟ್ಟಿ.

ಇಲಾಖೆಯವರು ಕೊಟ್ಟ ಪಟ್ಟಿಯೂ ಒಂದಿತ್ತು. ಅದರಲ್ಲಿ ಬರೀ ವಿಳಾಸ. ಇವಳದರಲ್ಲಿ ಒಳಗುಟ್ಟೆಲ್ಲ ಇತ್ತು. ‘ಕನ್ನಡಕದ ಅಂಗಡಿಯವರು: ಮೊದಲು ಗೊಣಗುತ್ತಾರೆ, ಆಮೇಲೆ ಕೊಡುತ್ತಾರೆ. ಗೊಣಗುವಾಗ ಎದ್ದು ಬರಬಾರದು.’ ‘ಮಕ್ಕಳ ಡಾಕ್ಟರು: ಫೋನ್ ಎತ್ತುವ ಪೈಕಿ ಅಲ್ಲ. ನೇರ ಹೋಗಿ ಕೂತುಬಿಡಬೇಕು.’ ‘ಯೂನಿಫಾರಂ ಹೊಲಿಯುವಾಕೆ: ಒಳ್ಳೆ ಹೆಂಗಸು. ಅರ್ಧ ಗಂಟೆ ಹರಟೆಗೆ ಇಟ್ಟುಕೊಂಡು ಹೋಗಿ.’ ಮಕ್ಕಳ ಹೆಸರನ್ನು ಮಾತ್ರ ಅದರಲ್ಲಿ ಅಪ್ಪಿತಪ್ಪಿಯೂ ಬರೆಯುತ್ತಿರಲಿಲ್ಲ. ಪುಸ್ತಕ ಯಾರ ಕೈಗಾದರೂ ಸಿಕ್ಕಿದರೆ ಮಗುವಿನ ಮಾನದ ಗತಿಯೇನು? ಹಾಗಾಗಿ ಒಬ್ಬ ‘ನೀಲಿ ಚೀಲ’, ಇನ್ನೊಬ್ಬ ‘ಉಗುರು ಕಚ್ಚುವವನು’, ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಎರಡು ಜಡೆ’.

ಆ ವರ್ಷ ಪಟ್ಟಿ ಅಕ್ಕನ ನಿದ್ದೆ ಕೆಡಿಸಿದವಳು ಈ ಎರಡು ಜಡೆಯೇ. ವರ್ಷದ ಶುರುವಿನಲ್ಲಿ ಅವಳ ತಾಯಿಗೆ ಆಪರೇಷನ್ ಆಗಿ, ಮನೆ ನೋಡಿಕೊಳ್ಳುವವರಿಲ್ಲದೆ ಹುಡುಗಿ ಮೂರು ವಾರ ಶಾಲೆಗೆ ಬಂದಿರಲಿಲ್ಲ. ಪಟ್ಟಿ ಅಕ್ಕ ಸೊಂಟ ಕಟ್ಟಿ ನಿಂತಳು. ತಾಯಿಗೆ ನರ್ಸ್ ಬಂದಳು, ಹುಡುಗಿಗೆ ಸಂಜೆಯ ಪಾಠ ಬಂತು, ಹರಿದ ಚಪ್ಪಲಿಯ ಜಾಗಕ್ಕೆ ಶೂ ಬಂತು. ತಾಯಿ ಎದ್ದು ಓಡಾಡುವಂತಾದಳು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಹೊಸ ರಗಳೆ ಶುರುವಾಯಿತು. ಹುಡುಗಿ ವಾರಕ್ಕೆ ಎರಡು ದಿನ ಚಕ್ಕರ್ ಹೊಡೆಯತೊಡಗಿದಳು. ಬುಧವಾರ ಮತ್ತು ಶುಕ್ರವಾರ.

ಹೆಡ್‌ಮಾಸ್ಟರು ಹಾಜರಿ ಪುಸ್ತಕ ತಿರುಗಿಸಿ ತೋರಿಸಿದರು. "ನೋಡಿ ಮೇಡಂ, ಇನ್ನು ಏಳು ದಿನ ತಪ್ಪಿಸಿದ್ರೆ ಪರೀಕ್ಷೆಗೆ ಕೂರ್ಸೋ ಹಾಗಿಲ್ಲ. ನನ್ನ ಕೈಲಿ ಏನೂ ಇಲ್ಲ."

ಪರೀಕ್ಷೆಗೆ ಇನ್ನೂ ಏಳು ವಾರವಿತ್ತು. ವಾರಕ್ಕೆರಡರಂತೆ ಹದಿನಾಲ್ಕು. ಈ ಲೆಕ್ಕಕ್ಕೆ ಬೆರಳು ಮಡಚಬೇಕಾಗಿರಲಿಲ್ಲ.

ಪಟ್ಟಿ ಅಕ್ಕ ಕೈತೊಳೆದುಕೊಂಡು ಹುಡುಗಿಯ ಬೆನ್ನು ಹತ್ತಿದಳು. ಬುಧವಾರ ಗಣಿತದ ಕಿರುಪರೀಕ್ಷೆ ಇರುತ್ತದೆ, ಅದಕ್ಕೆ ಹೆದರಿರಬೇಕು ಎಂದು ಗಣಿತಕ್ಕೆ ಇನ್ನೊಂದು ಪಾಠ ಗೊತ್ತುಮಾಡಿದಳು. ಶುಕ್ರವಾರ ಆಟದ ಪಿರಿಯಡ್ಡು, ಆಟದ ಬಟ್ಟೆ ಇಲ್ಲವೇನೋ ಎಂದು ಅದನ್ನೂ ಹೊಲಿಸಿದಳು. ಸಂಜೆ ಮನೆಗೇ ಹೋಗಿ ವಿಚಾರಿಸಿದರೆ ತಾಯಿ, "ಬೆಳಿಗ್ಗೆ ಹೊಟ್ಟೆನೋವು ಅಂತ ಮುದುರಿಕೊಂಡು ಬಿಡ್ತಾಳೆ ಅಕ್ಕಾ, ಮಧ್ಯಾಹ್ನದ ಹೊತ್ತಿಗೆ ತಾನಾಗೇ ಸರಿಹೋಗತ್ತೆ" ಎಂದಳು. ಫೋನ್ ಎತ್ತದ ಡಾಕ್ಟರ ಮುಂದೆ ಹೋಗಿ ಕೂತದ್ದೂ ಆಯಿತು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು ಅವರು. ಹುಡುಗಿ ಕೊಟ್ಟದ್ದನ್ನೆಲ್ಲ ತೆಗೆದುಕೊಂಡಳು, ಪ್ರತಿ ಸಲವೂ "ಥ್ಯಾಂಕ್ಸ್ ಮಿಸ್" ಎಂದಳು, ಬುಧವಾರ ಬರಲಿಲ್ಲ.

ಅಷ್ಟರಲ್ಲಿ ತರಬೇತಿಯ ಆದೇಶ ಬಂತು. ವರ್ಷಕ್ಕೆ ಎರಡು ದಿನ, ತಪ್ಪಿಸುವಂತಿಲ್ಲ. ಪಟ್ಟಿ ಅಕ್ಕನಿಗೆ ತರಬೇತಿ ಎಂದರೆ ಅಷ್ಟಕ್ಕಷ್ಟೆ. ಕೆಲಸವನ್ನು ಅರೆದು ಕುಡಿದವಳು ತಾನು, ಪರದೆಯ ಮೇಲೆ ಬಾಣದ ಗುರುತು ಬಿಡಿಸುವವರು ಏನು ಕಲಿಸಿಯಾರು ಎಂಬ ಒಳಗಿನ ಗತ್ತು. ಹಾಗೆಂದು ಹೋಗದೆ ಇರುತ್ತಿರಲಿಲ್ಲ. ಟೀ ಬಿಡುವಿನಲ್ಲಿ ಬೇರೆ ಶಾಲೆಯವರ ಪಟ್ಟಿ ಗುಟ್ಟಾಗಿ ನಕಲು ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಎರಡನೆಯ ದಿನ ತರಬೇತುದಾರರು ಪಾತ್ರ ಹಾಕುವ ಆಟ ಆಡಿಸಿದರು. ಒಬ್ಬರು ತಮ್ಮ ಕೈಲಿ ಸಮಸ್ಯೆ ಬಿಡಿಸಲಾಗದ ವಿದ್ಯಾರ್ಥಿಯ ಪಾತ್ರ ಹಾಕಬೇಕು, ಪಕ್ಕದವರು ಕಾರ್ಯಕರ್ತೆ. ಈ ಆಟವನ್ನು ಪಟ್ಟಿ ಅಕ್ಕ ಎಷ್ಟೋ ಸಲ ಆಡಿದ್ದಳು. ಪ್ರತಿ ಸಲವೂ ತನ್ನ ಪಾತ್ರವನ್ನು ತಾನೇ ಹಾಕಿ ಚಪ್ಪಾಳೆ ಗಿಟ್ಟಿಸಿದ್ದಳು. ಈ ಸಲ ಚೀಟಿ ಎತ್ತಿದಾಗ ವಿದ್ಯಾರ್ಥಿಯಾಗುವ ಸರದಿ ಬಂತು. ಕಾರ್ಯಕರ್ತೆಯಾದವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗದ ಹೊಸಬಳು.

"ಅಕ್ಕಾ, ನೀವು ಹೇಗೆ ಮಾಡ್ತೀರೋ ಹಾಗೇ ಮಾಡ್ಲಾ?" ಎಂದಳು ಹೊಸಬಳು, ಭಯಭಕ್ತಿಯಿಂದ.

"ಹಾಗೇ ಮಾಡು. ಮೊದಲು ಕ್ಲಾಸಿನ ಬಾಗಿಲಿಗೆ ಹೋಗ್ತೀನಿ, ತಟ್ತೀನಿ, ಹೆಸರು ಹಿಡಿದು ಪ್ರೀತಿಯಿಂದ ಕರೀತೀನಿ. ಕರೆಯೋದ್ರಲ್ಲೇ ಅರ್ಧ ಕೆಲಸ ಆಗಿಬಿಡತ್ತೆ, ನೋಡ್ತಿರು. ಹುಡುಗಿ ಹೆಸರು ಎರಡು ಜಡೆ ಅಂತಿಟ್ಕೋ, ಹೊಸ ಶೂ ಕೊಡಿಸಿದ್ದೀನಿ, ಅದನ್ನೂ ವಿಚಾರಿಸು."

ಪಟ್ಟಿ ಅಕ್ಕ ಹೋಗಿ ಮೂರನೇ ಸಾಲಿನಲ್ಲಿ ಎರಡು ಜಡೆಯ ಹಾಗೆ ತಲೆ ತಗ್ಗಿಸಿ ಕೂತಳು. ಹೊಸಬಳು ಹೊರಗೆ ಹೋಗಿ ಬಾಗಿಲು ತಟ್ಟಿದಳು. ಚೆನ್ನಾಗಿ ಮಾಡಬೇಕೆಂಬ ಹುರುಪಿನಲ್ಲಿ ಗಂಟಲು ಸರಿಮಾಡಿಕೊಂಡು ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದಳು. "ಎರಡು ಜಡೆ, ಸ್ವಲ್ಪ ಹೊರಗೆ ಬಾ ಪುಟ್ಟ. ಚೀಲ ತಗೊಂಡೇ ಬಾ. ಹೊಸ ಶೂ ಸರಿಹೋಯ್ತಾ?"

ಮೂವತ್ತು ತಲೆಗಳು ಒಟ್ಟಿಗೆ ಮೂರನೇ ಸಾಲಿನ ಕಡೆ ತಿರುಗಿದವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ ಬಗ್ಗಿ ಅವಳ ಕಾಲು ನೋಡಿದರು. ಐವತ್ತು ದಾಟಿದ ಹೆಂಗಸಿನ ಕಿವಿ ಬಿಸಿಯಾಯಿತು. ಏಳಬೇಕು, ಎದ್ದು ಅಷ್ಟೂ ಕಣ್ಣುಗಳ ಮುಂದೆ ಬಾಗಿಲವರೆಗೆ ನಡೆಯಬೇಕು. ಅವಳು ಏಳಲಿಲ್ಲ.

"ಬಾ ಪುಟ್ಟ, ಭಯ ಬೇಡ," ಎಂದಳು ಹೊಸಬಳು ಇನ್ನಷ್ಟು ಪ್ರೀತಿಯಿಂದ.

"ನನಗೆ ಹೊಟ್ಟೆನೋವು," ಎಂದಳು ಪಟ್ಟಿ ಅಕ್ಕ.

ಅಭಿನಯ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಇಂಗು ತಿಂದ ಮಂಗನ ಹಾಗೆ ಕೂತಿದ್ದಳು. ಆ ಹುಡುಗಿಯ ಶಾಲೆಗೆ ತಾನು ಹೋಗುವುದು ಯಾವ ಯಾವ ದಿನ? ಬುಧವಾರ, ಶುಕ್ರವಾರ. ಹಾಜರಿ ಪುಸ್ತಕವನ್ನು ಹತ್ತು ಸಲ ನೋಡಿದ್ದಳು, ಗಣಿತವನ್ನು ಹಿಡಿದಿದ್ದಳು, ಆಟವನ್ನು ಹಿಡಿದಿದ್ದಳು, ಹೊಟ್ಟೆಯನ್ನೂ ಬಿಟ್ಟಿರಲಿಲ್ಲ. ತನ್ನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪುಸ್ತಕದಲ್ಲಿ ಬರೆಯಲೂ ಹೆದರುತ್ತಿದ್ದ ಹೆಸರನ್ನು, ಹುಡುಗಿ ತಪ್ಪಿಸತೊಡಗುವವರೆಗೂ, ವಾರಕ್ಕೆರಡು ಸಲ ನಲವತ್ತು ಮಕ್ಕಳ ಮುಂದೆ ಬಾಯಿತುಂಬ ಕೂಗುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. ಅಳುವೂ ಬಂತು, ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ರೇಡಿಯೊ ರಿಪೇರಿಯವನು. ತಿರುಪು ಬಿಚ್ಚುತ್ತಲೇ ಎಲ್ಲ ಕೇಳಿಸಿಕೊಂಡ.

"ಮದುವೆಯಾದ ಹೊಸದ್ರಲ್ಲಿ ನನ್ನ ಅಂಗಡಿ ಬಾಗಿಲಿಗೆ ಬಂದು, ಗಿರಾಕಿಗಳ ಮುಂದೆನೇ, ರೀ ಹೊಟ್ಟೆಹುಳದ ಮಾತ್ರೆ ನುಂಗಿದ್ರಾ ಅಂತ ಕೇಳ್ತಿದ್ದೆಯಲ್ಲ? ನಾನು ಆ ಹೊತ್ತಿಗೆ ಸರಿಯಾಗಿ ಟೀ ಕುಡಿಯೋಕೆ ಹೋಗಿಬಿಡ್ತಿದ್ದೆ."

"ರೀ, ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅದಕ್ಕೂ ಒಬ್ಬ ಡಾಕ್ಟರನ್ನ ಹುಡುಕಿ ತರ್ತಿದ್ದೆ."

ಅವಳಿಗೆ ಪಿತ್ತ ನೆತ್ತಿಗೇರಿತು, ನಗುವೂ ಬಂತು. ಆದರೆ ತೊಡಕು ತೊಡಕಾಗಿಯೇ ಉಳಿಯಿತು. ಹುಡುಗಿಗೆ ತಪ್ಪಾಯಿತು ಎಂದು ಹೇಳುವುದು ಹೇಗೆ? ಕರೆದು ಹೇಳಿದರೆ ಮತ್ತೆ ಕರೆದಂತೆ. ಮನೆಗೆ ಹೋದರೆ ಮತ್ತೆ ಅಟ್ಟಿಸಿಕೊಂಡು ಹೋದಂತೆ. ಕ್ಲಾಸ್ ಟೀಚರ್ ಕೈಯಲ್ಲಿ ಚೀಟಿ ಕಳಿಸಿದರೆ, ಆ ಚೀಟಿ ಅವಳ ಡೆಸ್ಕಿಗೆ ಮುಟ್ಟುವ ಮೊದಲು ನಲವತ್ತು ಜನ ಓದಿರುತ್ತಾರೆ.

ಕೊನೆಗೆ ಎಲ್ಲರಿಗೂ ಹೇಳುವುದೆಂದು ತೀರ್ಮಾನಿಸಿದಳು. ಪ್ರತಿ ತರಗತಿಯಲ್ಲೂ ಓದಲು ಒಂದು ಸೂಚನೆ ಬರೆದಳು. ‘ಇನ್ನು ಮುಂದೆ ನಾನು ಯಾರನ್ನೂ ತರಗತಿಯಿಂದ ಕರೆಯುವುದಿಲ್ಲ, ಯಾರ ಮನೆಗೂ ಹೇಳದೆ ಬರುವುದಿಲ್ಲ. ಮಾತಾಡಬೇಕು ಎನ್ನಿಸಿದವರು ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬನ್ನಿ. ಬಾರದಿದ್ದರೆ ನನಗೆ ಬೇಜಾರಿಲ್ಲ. ಇಷ್ಟು ದಿನ ಎಲ್ಲರ ಮುಂದೆ ಹೆಸರು ಹಿಡಿದು ಕರೆದದ್ದು ನನ್ನ ತಪ್ಪು.’

ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡರು. "ತಪ್ಪು ಅಂತೆಲ್ಲ ಯಾಕೆ ಮೇಡಂ? ಮಕ್ಕಳ ಮುಂದೆ ಹಗುರಾಗ್ತೀರಿ."

"ಅದೊಂದು ಸಾಲು ಇರ್ಲಿ ಸರ್. ಬೇಕಾದ್ರೆ ಉಳಿದದ್ದು ತೆಗೀರಿ."

ಮಂಗಳವಾರ ಸೂಚನೆ ಓದಿದರು. ಬುಧವಾರ ಹುಡುಗಿ ಬರಲಿಲ್ಲ. ಶುಕ್ರವಾರವೂ ಇಲ್ಲ. ಲೆಕ್ಕದಲ್ಲಿ ಇನ್ನು ಒಂದೇ ದಿನ ಉಳಿಯಿತು. ಹೆಡ್‌ಮಾಸ್ಟರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಪಟ್ಟಿ ಅಕ್ಕನಿಗೆ ಕೈಕಾಲು ಕಟ್ಟಿ ಕೂರಿಸಿದಂತಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಏನೂ ಮಾಡದೆ ಕೂತದ್ದು ಅದೇ ಮೊದಲು. ಎಷ್ಟು ಕಷ್ಟದ ಕೆಲಸ ಅದು ಎಂದು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಮುಂದಿನ ಬುಧವಾರ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಗುರುತು ಬಿದ್ದಿತ್ತು. ಪಟ್ಟಿ ಅಕ್ಕ ದಡಬಡ ಮೆಟ್ಟಿಲೇರಿ ಹತ್ತನೇ ತರಗತಿಯ ಬಾಗಿಲವರೆಗೂ ಹೋದಳು. ಒಮ್ಮೆ ನೋಡಿಬಿಡೋಣ, ಬರೀ ನೋಡುವುದಷ್ಟೆ. ಬಾಗಿಲಿಗೆ ಮೂರು ಹೆಜ್ಜೆ ಇರುವಾಗ ನಾಲಿಗೆ ಕಚ್ಚಿಕೊಂಡು ನಿಂತಳು. ಹಾಗೇ ತಿರುಗಿ ಕೆಳಗಿಳಿದಳು. ಶುಕ್ರವಾರವೂ ಗುರುತು ಬಿತ್ತು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಹುಡುಗಿ ಊಟದ ಬಿಡುವಿನಲ್ಲಿ ಅವಳ ಕೋಣೆಗೆ ಬಂದಳೇ ಎಂದರೆ, ಅದೂ ಇಲ್ಲ. ಬೇಜಾರಿಲ್ಲ ಎಂದು ಬರೆದದ್ದು ಸುಳ್ಳಾಗಿತ್ತು, ಬೇಜಾರು ಬೇಕಾದಷ್ಟಿತ್ತು.

ಪರೀಕ್ಷೆ ಇನ್ನೊಂದು ಶಾಲೆಯ ಕಟ್ಟಡದಲ್ಲಿ. ಐದಾರು ಶಾಲೆಯ ಮಕ್ಕಳು ಅಲ್ಲಿಗೇ ಬರುತ್ತಿದ್ದರು. ಪಟ್ಟಿ ಅಕ್ಕನನ್ನು ಗೇಟಿನ ಬಳಿ ನೀರು ಕೊಡಲು, ಗಾಬರಿಯಾದವರನ್ನು ಸಮಾಧಾನ ಮಾಡಲು ನಿಲ್ಲಿಸಿದ್ದರು. ಎರಡು ಜಡೆ ಬಂದಳು. ಜೊತೆಗೆ ಬೇರೆ ಯೂನಿಫಾರಮ್ಮಿನ ಹುಡುಗಿಯೊಬ್ಬಳು, ಬಸ್ಸಿನಲ್ಲಿ ಆದ ಹೊಸ ಪರಿಚಯವಿರಬೇಕು. ಪಟ್ಟಿ ಅಕ್ಕ ಎಷ್ಟೇ ತಡೆದುಕೊಂಡರೂ ನಗು ಮುಖ ತುಂಬಿಬಿಟ್ಟಿತು. ಬಾಯಿ ಮಾತ್ರ ಬಿಡಲಿಲ್ಲ, ನೀರಿನ ಲೋಟ ಚಾಚಿದಳು.

ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೆಳತಿ ಕೇಳಿದ್ದು ಅವಳ ಕಿವಿಗೆ ಬಿತ್ತು. "ನಿನ್ನ ನೋಡಿ ಅಷ್ಟೊಂದು ನಕ್ರಲ್ಲೇ, ಯಾರು ಅವರು?"

"ಗೊತ್ತಿಲ್ಲ ಕಣೇ," ಎಂದಳು ಹುಡುಗಿ. "ಎಲ್ಲರನ್ನ ನೋಡಿನೂ ಹಾಗೇ ನಗ್ತಾರೆ ಅನ್ಸತ್ತೆ."

ಎದೆ ಚುರುಕ್ ಎಂದಿತು. ಪಟ್ಟಿ ಅಕ್ಕ ಅದನ್ನು ನುಂಗಿಕೊಂಡು ಇನ್ನೊಂದು ಲೋಟಕ್ಕೆ ನೀರು ತುಂಬಿದಳು. ಹಿಂದೆ ಬರುತ್ತಿದ್ದವನು ಯಾವ ಶಾಲೆಯವನೋ, ಯಾರ ಮಗನೋ. ಗೆಳತಿ ಎಲ್ಲಾದರೂ ತಿರುಗಿ ನೋಡಿಯಾಳು ಎಂದು ಅವನಿಗೂ, ಅವನ ಹಿಂದಿನವಳಿಗೂ, ಗೇಟು ಮುಚ್ಚುವವರೆಗೆ ಬಂದ ಪ್ರತಿಯೊಂದು ಮಗುವಿಗೂ ಅವಳು ಅಷ್ಟೇ ಅಗಲವಾಗಿ ನಕ್ಕಳು.